ಪಿಎಫ್‌ಎ ಲೈನಿಂಗ್ ವಾಲ್ವ್: ಸ್ಪಾರ್ಕ್ ಟೆಸ್ಟ್‌ನಲ್ಲಿ ಒಂದೇ ಜಾಗದಲ್ಲಿ ಕಿಡಿ

ಪ್ರಶ್ನೆ:
ಪೀಣ್ಯದ ನಮ್ಮ ಚಿಕ್ಕ ಘಟಕದಲ್ಲಿ 50 ಮಿ.ಮೀ. ಬಾಲ್ ವಾಲ್ವ್‌ಗಳ ಒಳಮೈಗೆ ಪಿಎಫ್‌ಎ (ಆಮ್ಲ ತಡೆಯುವ, ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್) ಲೈನಿಂಗ್ ಮಾಡುತ್ತೇವೆ. ಡಕ್ಟೈಲ್ ಐರನ್ ಬಾಡಿಯನ್ನು ಅಚ್ಚಿನ ಸಮೇತ ಓವನ್‌ನಲ್ಲಿ ಕಾಯಿಸಿ, ಕರಗಿದ ಪಿಎಫ್‌ಎಯನ್ನು ಒತ್ತಡದಲ್ಲಿ ತುಂಬುತ್ತೇವೆ. ಲೈನಿಂಗ್ ದಪ್ಪ 3 ಮಿ.ಮೀ. ಒಂದು ತಿಂಗಳಿನಿಂದ ಹತ್ತರಲ್ಲಿ ನಾಲ್ಕು ಬಾಡಿಗಳು 15 ಕಿಲೋವೋಲ್ಟ್ ಸ್ಪಾರ್ಕ್ ಟೆಸ್ಟ್‌ನಲ್ಲಿ (ಲೈನಿಂಗ್‌ನಲ್ಲಿ ದೋಷವಿದ್ದ ಕಡೆ ಕಬ್ಬಿಣಕ್ಕೆ ಕಿಡಿ ಹಾರುವ ಪರೀಕ್ಷೆ) ಸೋಲುತ್ತಿವೆ. ಕಿಡಿ ಹಾರುವುದು ಹೆಚ್ಚುಕಡಿಮೆ ಒಂದೇ ಕಡೆ, ಗೇಟ್‌ಗೆ (ಕರಗಿದ ಪ್ಲಾಸ್ಟಿಕ್ ಒಳಬರುವ ಬಾಯಿಗೆ) ಎದುರಿನ ಫ್ಲ್ಯಾಂಜ್ (ಪೈಪಿಗೆ ಬೋಲ್ಟ್ ಹಾಕಿ ಜೋಡಿಸುವ ಅಂಚು) ಕುತ್ತಿಗೆಯಲ್ಲಿ. ಪ್ಲಾಸ್ಟಿಕ್ ಅಲ್ಲಿಯವರೆಗೆ ಹರಿಯುತ್ತಿಲ್ಲವೆಂದುಕೊಂಡು ಬಾಡಿಯ ಶಾಖವನ್ನು 350ರಿಂದ 380 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದೆ. ಸೋಲುವ ಬಾಡಿಗಳು ಇನ್ನೂ ಹೆಚ್ಚಾದವು. ಇವು ಹೈಡ್ರೋಕ್ಲೋರಿಕ್ ಆಮ್ಲದ ಲೈನಿಗೆ ಹೋಗುವ ವಾಲ್ವ್‌ಗಳು. ದಾರಿ ತೋರಿಸಿ.

ಉತ್ತರ 1:
ಮೊದಲು ಶಾಖವನ್ನು ಹಿಂದಿನ ಮಟ್ಟಕ್ಕೆ ಇಳಿಸಿ. ಆಮೇಲೆ ಸೋತ ಒಂದು ಬಾಡಿಯನ್ನು ಕಿಡಿ ಹಾರಿದ ಜಾಗದಲ್ಲೇ ಗರಗಸದಿಂದ ಸೀಳಿ ನೋಡಿ. ಗುಳ್ಳೆ ಗುಂಡಗೆ, ಒಳಗೋಡೆ ನುಣ್ಣಗಿದ್ದರೆ ಅದು ಗಾಳಿ ಅಥವಾ ತೇವ. ಅಂಕುಡೊಂಕಾಗಿ, ಒರಟಾಗಿದ್ದರೆ ಕುಗ್ಗುವಿಕೆಯ ಟೊಳ್ಳು. ತೂತಿನ ಆಕಾರ ನೋಡದೆ ಶಾಖ, ಒತ್ತಡಗಳನ್ನು ಬದಲಿಸುತ್ತಾ ಹೋದರೆ ಕಚ್ಚಾವಸ್ತುವೂ ದಿನಗಳೂ ಹಾಳು. ಪಿಎಫ್‌ಎ ಅಗ್ಗದ್ದಲ್ಲ.

ನನ್ನ ಅನುಮಾನ ಕುಗ್ಗುವಿಕೆಯ ಟೊಳ್ಳಿನ ಮೇಲೆ. ಪಿಎಫ್‌ಎ ಸುಮಾರು 305 ಡಿಗ್ರಿಯಲ್ಲಿ ಕರಗುತ್ತದೆ. ಗಟ್ಟಿಯಾಗುವಾಗ ಬಹಳ ಕುಗ್ಗುತ್ತದೆ. ಫ್ಲ್ಯಾಂಜ್ ಬಳಿ ಕಬ್ಬಿಣ ದಪ್ಪ, ಶಾಖ ಅಲ್ಲಿ ತಡವಾಗಿ ಇಳಿಯುತ್ತದೆ. ಲೈನಿಂಗ್ ಕಚ್ಚಿ ಹಿಡಿಯಲು ಕೊರೆದ ಡವ್‌ಟೇಲ್ ತೋಡಿನಲ್ಲಿ (ಬಾಯಿ ಕಿರಿದು, ಬುಡ ಅಗಲ) ಪ್ಲಾಸ್ಟಿಕ್ ಕೂಡ ದಪ್ಪ. ಗೇಟ್ ಮೊದಲೇ ಹೆಪ್ಪುಗಟ್ಟಿದರೆ, ಕುಗ್ಗಿದ ಜಾಗ ತುಂಬಲು ಹೊಸ ಪ್ಲಾಸ್ಟಿಕ್ ಬರುವ ದಾರಿಯೇ ಮುಚ್ಚಿತು. ನೀವು ಶಾಖ ಏರಿಸಿದಾಗ ಕುಗ್ಗುವಿಕೆ ಹೆಚ್ಚಿ ಇನ್ನಷ್ಟು ಕೆಟ್ಟದ್ದು ಇದಕ್ಕೇ ಇರಬೇಕು.

ದೂರದ ಫ್ಲ್ಯಾಂಜ್‌ಗೆ ಮೊದಲು ಗಾಳಿ ಹಾಯಿಸಿ ತಣಿಸಿ, ಗೇಟ್ ಕಡೆಯದು ಕೊನೆಗೆ ತಣಿಯಲಿ. ಗೇಟ್ ಪೂರ್ತಿ ಗಟ್ಟಿಯಾಗುವವರೆಗೆ ಒತ್ತಡ ಬಿಡಬೇಡಿ.

ಉತ್ತರ 2:
ಮೇಲಿನವರ ಮಾತು ಸರಿ. ಒಂದು ಸೇರಿಸುತ್ತೇನೆ: ಕಿಡಿಯ ಜಾಗ ಬಾಡಿಯಿಂದ ಬಾಡಿಗೆ ಬದಲಾದರೆ ಕಾಸ್ಟಿಂಗ್ ಮೇಲೆ ಕಣ್ಣಿಡಿ. ಎರಕದ ಸಣ್ಣ ರಂಧ್ರಗಳಲ್ಲಿ ಉಳಿದ ಎಣ್ಣೆ, ತೇವ ಕಾದಾಗ ಅನಿಲವಾಗಿ ಲೈನಿಂಗ್ ಒಳಗೆ ನುಗ್ಗುತ್ತವೆ. ಖಾಲಿ ಬಾಡಿಯನ್ನು ಮೊದಲೊಮ್ಮೆ ಕಾಯಿಸಿ, ಗ್ರಿಟ್ ಬ್ಲಾಸ್ಟ್ (ಒರಟು ಕಣಗಳನ್ನು ರಭಸದಿಂದ ಹಾಯಿಸಿ ಮೇಲ್ಮೈ ಶುಚಿ) ಮಾಡಿ, ಆಮೇಲೆ ಅಚ್ಚಿಗೆ ಹಾಕಿ.

ಇನ್ನೊಂದು ಮಾತು, ಕೈಮುಗಿದು ಕೇಳುತ್ತೇನೆ. ಸೋತ ಬಾಡಿಯ ಲೈನಿಂಗನ್ನು ಸುಟ್ಟು ತೆಗೆದು ಕಾಸ್ಟಿಂಗ್ ಉಳಿಸಿಕೊಳ್ಳಲು ಹೋಗಬೇಡಿ. ಅದರ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುತ್ತದೆ. ಓವನ್ ಮೇಲೆಯೂ ಹೊಗೆ ಹೊರಹಾಕುವ ಫ್ಯಾನ್ ಇರಲೇಬೇಕು. ಪಿಎಫ್‌ಎ ಪುಡಿ ಮೆತ್ತಿದ ಕೈಯಲ್ಲಿ ಯಾರೂ ಬೀಡಿ ಹಚ್ಚಬಾರದು. ನಿಮ್ಮ ಹುಡುಗರಿಗೆ ಇವತ್ತೇ ಹೇಳಿ.

ಪ್ರಶ್ನೆ ಕೇಳಿದವರು:
ಸೀಳಿ ನೋಡಿದೆ ಸರ್. ಡವ್‌ಟೇಲ್ ತೋಡಿನ ಬುಡದಲ್ಲಿ ಒರಟು ಟೊಳ್ಳು, ಅದರ ಮೇಲೆ ತೆಳ್ಳನೆಯ ಪದರ ಮಾತ್ರ ಇತ್ತು. ಒತ್ತಡವನ್ನು ನಾವು ಬೇಗ ಬಿಡುತ್ತಿದ್ದೆವು. ಈಗ ದೂರದ ತುದಿಯಿಂದ ತಣಿಸಿ, ಒತ್ತಡವನ್ನು ಕೊನೆಯವರೆಗೂ ಹಿಡಿದು ಹನ್ನೆರಡು ಬಾಡಿ ಮಾಡಿದೆವು, ಹನ್ನೊಂದು ಪಾಸಾದವು. ಹನ್ನೆರಡನೆಯದರಲ್ಲಿ ಕಿಡಿ ಬೇರೆ ಕಡೆ, ಬಾಡಿಯ ಮಧ್ಯದಲ್ಲಿ ಹಾರಿತು. ಸೀಳಿದಾಗ ನುಣ್ಣನೆಯ ಗುಂಡು ಗುಳ್ಳೆ ಸಿಕ್ಕಿತು.

ಉತ್ತರ 2:
ಹಾಗಾದರೆ ಅದು ಕಾಸ್ಟಿಂಗ್‌ನದ್ದು. ಆ ಲಾಟಿನ ಉಳಿದ ಬಾಡಿಗಳನ್ನೆಲ್ಲ ಲೈನಿಂಗ್‌ಗೆ ಮೊದಲು ಖಾಲಿಯಾಗಿ ಕಾಯಿಸಿ.