ರೈಟ್ ಆಫ್ ಆದ ಕ್ರೆಡಿಟ್ ಕಾರ್ಡ್ ಸಾಲ: ಸೆಟಲ್‌ಮೆಂಟ್ ಮಾಡಿಕೊಳ್ಳಲಾ, ಪೂರ್ತಿ ಕಟ್ಟಲಾ?

ಬೆಟಗೇರಿ ಹುಡುಗ:
ಎಲ್ಲರಿಗೂ ನಮಸ್ಕಾರ. ಊರು ಗದಗ-ಬೆಟಗೇರಿ, ಕೆಲಸ ಹುಬ್ಬಳ್ಳಿ ಗೋಕುಲ ರೋಡಿನ ಒಂದು ವರ್ಕ್‌ಶಾಪಿನಲ್ಲಿ. 2020ರ ಲಾಕ್‌ಡೌನಿನಲ್ಲಿ ಐದು ತಿಂಗಳು ಪಗಾರ ಇರಲಿಲ್ಲ. ಕಿರಾಣಿ, ಅಪ್ಪನ ಔಷಧ ಎಲ್ಲ ಕಾರ್ಡ್ ಮೇಲೆಯೇ ನಡೆಯಿತು. 58,000 ಬಾಕಿ ಉಳಿಯಿತು, ಮುಂದೆ ಕಟ್ಟಲು ಆಗಲೇ ಇಲ್ಲ. ಈಗ ಅದನ್ನು 1,46,000 ಅಂತ ತೋರಿಸುತ್ತಿದ್ದಾರೆ.

ಹೋದ ತಿಂಗಳು ಮನೆ ಸಾಲ ಕೇಳಲು ಹೋಗಿದ್ದೆ. ಸಿಬಿಲ್ (ಎಲ್ಲರ ಸಾಲದ ದಾಖಲೆ ಇಡುವ ಕಂಪನಿ) ಸ್ಕೋರ್ 588 ಇದೆ, ಕಾರ್ಡಿನ ಮುಂದೆ 'ರಿಟನ್ ಆಫ್' ಅಂತ ಬಂದಿದೆ ಎಂದು ಫೈಲ್ ವಾಪಸ್ ಕೊಟ್ಟರು. ರೈಟ್ ಆಫ್ ಅಂದರೆ ಮನ್ನಾ ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ನಿನ್ನೆ ವಸೂಲಿಯವರ ಫೋನ್ ಬಂತು, ಇವತ್ತೇ 45,000 ಹಾಕಿದರೆ ಎಲ್ಲ ಮುಗಿಯುತ್ತದೆ ಅಂದರು. ಭಿಶಿ (ಚೀಟಿ) ಎತ್ತಿದ 60,000 ಕೈಯಲ್ಲಿದೆ. ಹಾಕಿಬಿಡಲಾ? ರಾತ್ರಿ ನಿದ್ದೆ ಬರುತ್ತಿಲ್ಲ, ದಯವಿಟ್ಟು ಯಾರಾದರೂ ಹೇಳಿ.

ಸಪ್ತಾಪುರ ನಿವೃತ್ತ:
ತಮ್ಮಾ, ಹಾಕಬೇಡ. ಸುಮ್ನೆ ಎರಡು ದಿನ ತಡಿ. ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು, ಇಂಥ ಫೈಲ್ ಬೇಕಾದಷ್ಟು ನೋಡಿದ್ದೇನೆ.

90 ದಿನ ಕಂತು ನಿಂತರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಇನ್ನೂ ಬರುವ ಹಾಗೆ ಕಾಣದಿದ್ದರೆ ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ಅದನ್ನು ತೆಗೆಯುತ್ತದೆ. ಅದು ಅವರ ಮನೆಯ ಲೆಕ್ಕ ಅಷ್ಟೇ, ನಿನ್ನ ಸಾಲ ಹಾಗೇ ಇರುತ್ತದೆ. ಇನ್ನು ಬಡ್ಡಿ ಇಷ್ಟು ಬೆಳೆದದ್ದಕ್ಕೆ ಗಾಬರಿಯಾಗಬೇಡ. ಕಾರ್ಡಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದರೆ ವರ್ಷಕ್ಕೆ 42 ಆಯಿತು, ಮೇಲೆ ಲೇಟ್ ಫೀ, ಅದರ ಮೇಲೆ ಜಿಎಸ್‌ಟಿ. ಮಾತಾಡಿದರೆ ಇಳಿಸುವುದು ಇದನ್ನೇ.

ಈಗ ಮುಖ್ಯ ಮಾತು. 45,000ಕ್ಕೆ ಒಪ್ಪಿದರೆ ಸಿಬಿಲ್ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬರುತ್ತದೆ, 'ಕ್ಲೋಸ್ಡ್' ಅಂತ ಅಲ್ಲ. ಮನೆ ಸಾಲ ಕೊಡುವವರು ಮೊದಲು ಕಣ್ಣು ಹಾಕುವುದೇ ಆ ಸಾಲಿನ ಮೇಲೆ. ಇವನು ಪೂರ್ತಿ ಕೊಡಲಿಲ್ಲ, ಯಾರೋ ನಷ್ಟ ಮಾಡಿಕೊಂಡರು ಅಂತ ಓದಿಕೊಳ್ಳುತ್ತಾರೆ. ಅದೂ ಅಲ್ಲದೆ ಆರ್‌ಬಿಐ 2023ರ ಜೂನ್‌ನಲ್ಲಿ ಒಂದು ನಿಯಮ ತಂದಿದೆ. ರಾಜಿ ಮಾಡಿಕೊಂಡವರಿಗೆ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವ ಹಾಗಿಲ್ಲ (ಕೃಷಿ ಸಾಲದ ಲೆಕ್ಕ ಬೇರೆ). ನಿನಗೆ ಮನೆ ಬೇಕು ಅಂತಿದ್ದರೆ ಅಸಲು 58,000 ಮೂರು ಕಂತಿನಲ್ಲಿ ಕೊಡುತ್ತೇನೆ, ಬಡ್ಡಿ ಮತ್ತು ಫೀ ಬಿಡಿ, ಖಾತೆಯನ್ನು ಕ್ಲೋಸ್ಡ್ ಅಂತ ಕಳಿಸಿ ಎಂದು ಬ್ಯಾಂಕಿಗೇ ಇಮೇಲ್ ಬರಿ. ಬಡ್ಡಿ ಬಿಟ್ಟರೆ ಬಹಳ ಸಲ ಸೆಟಲ್ಡ್ ಅಂತಲೇ ಹಾಕುತ್ತಾರೆ, ಅದಕ್ಕೇ ಏನು ಹಾಕುತ್ತೀರಿ ಅನ್ನುವುದನ್ನು ಪತ್ರದಲ್ಲೇ ಬರೆಸಿಕೊಳ್ಳಬೇಕು. ಒಪ್ಪದಿದ್ದರೆ ಎಷ್ಟು ಕಟ್ಟಿದರೆ ಕ್ಲೋಸ್ಡ್ ಆಗುತ್ತದೆ ಅಂತ ಕೇಳು.

ಬ್ಯಾಡಗಿ ಅಕ್ಕ:
ಹಿರಿಯರು ಹೇಳಿದ್ದು ಖರೇ. ನನ್ನ ಕಥೆ ಕೇಳ್ರಿ. 2021ರಲ್ಲಿ ನನ್ನ ಟೇಲರಿಂಗ್ ಅಂಗಡಿ ಬಂದ್ ಆಗಿ ಹೀಗೇ ಸಿಕ್ಕಿಕೊಂಡಿದ್ದೆ. ಒಬ್ಬ ಏಜೆಂಟ್ ಮನೆ ತನಕ ಬಂದು ತನ್ನ ಸ್ವಂತ ನಂಬರಿಗೆ 20,000 ಹಾಕಿಸಿಕೊಂಡ. ಕಾರ್ಡ್ ಖಾತೆಗೆ ಒಂದು ರೂಪಾಯಿ ಸೇರಲಿಲ್ಲ. ಮಗಳ ಕಾಲೇಜ್ ಫೀಗೆ ಇಟ್ಟ ರೊಕ್ಕ ಅದು, ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಬ್ಯಾಂಕಿನ ಲೆಟರ್‌ಹೆಡ್ಡಿನ ಪತ್ರ ಕೈಗೆ ಬರುವ ತನಕ ಯಾರಿಗೂ ಏನೂ ಕೊಡಬೇಡಿ. ಕೊಟ್ಟರೂ ಕಾರ್ಡ್ ನಂಬರಿಗೆ ಅಥವಾ ಬ್ಯಾಂಕಿನ ಖಾತೆಗೇ ಕೊಡಿ. ಮುಗಿದ ಮೇಲೆ ನೋ ಡ್ಯೂಸ್ (ಬಾಕಿ ಇಲ್ಲ ಅನ್ನುವ) ಸರ್ಟಿಫಿಕೇಟ್ ತಗೊಂಡು ಟ್ರಂಕಿನಲ್ಲಿ ಇಡಿ.

ಸ್ಕೋರ್ ಏರಿಸಲು ನಾನು ಮಾಡಿದ್ದು ಇಷ್ಟು. 25,000 ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತಗೊಂಡೆ. ಎಫ್‌ಡಿ ಆಧಾರ ಇರುವುದರಿಂದ ಹಳೆ ಸ್ಕೋರ್ ಕೆಟ್ಟಿದ್ದರೂ ಕೊಡುತ್ತಾರೆ. ತಿಂಗಳಿಗೆ ನಾಲ್ಕೈದು ಸಾವಿರ, ಗ್ಯಾಸ್ ಮತ್ತು ರೀಚಾರ್ಜ್ ಮಾತ್ರ. ಬಿಲ್ಲು ಪೂರ್ತಿ ತಾನೇ ಕಟ್ ಆಗುವ ಹಾಗೆ ಹಾಕಿಸಿದೆ, ಮಿನಿಮಮ್ ಡ್ಯೂ ಅಂತ ಬಿಲ್ಲಿನ ಸ್ವಲ್ಪ ಭಾಗ ಮಾತ್ರ ಕಟ್ಟುವ ದಾರಿ ಅಂತೂ ಹಿಡಿಯಲಿಲ್ಲ. ಹದಿನಾಲ್ಕು ತಿಂಗಳಲ್ಲಿ 572 ಇದ್ದದ್ದು 718ಕ್ಕೆ ಬಂತು. ಈ ನಡುವೆ ನಾಲ್ಕು ಕಡೆ ಲೋನಿಗೆ ಅರ್ಜಿ ಹಾಕಬೇಡಿ, ಹಾಕಿದಷ್ಟೂ ವಿಚಾರಣೆ ಅಂತ ದಾಖಲಾಗಿ ಸ್ಕೋರ್ ಇಳಿಯುತ್ತದೆ.

ಬೆಟಗೇರಿ ಹುಡುಗ:
ಅಕ್ಕಾ, ಸರ್, ಇಬ್ಬರಿಗೂ ಬಹಳ ಥ್ಯಾಂಕ್ಸ್. ಇನ್ನೆರಡು ಮಾತು. ಮೂರು ವರ್ಷ ದಾಟಿದೆಯಲ್ಲ, ಕಟ್ಟುವುದೇ ಬೇಡ ಅಂತ ಗೆಳೆಯನೊಬ್ಬ ಹೇಳುತ್ತಾನೆ. ಮತ್ತೆ ವಸೂಲಿಯವರು ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆಯವರಿಗೆ ಫೋನ್ ಮಾಡಿ ನನ್ನ ಹೆಸರು ಹೇಳಿದ್ದಾರೆ. ಜೈಲಿಗೆ ಹಾಕಿಸುತ್ತೇವೆ ಅಂದರಂತೆ. ಅವ್ವ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಲೈನ್ ಬಜಾರ್ ಧಾರವಾಡ:
ಅವ್ವನಿಗೆ ಮೊದಲು ಸಮಾಧಾನ ಹೇಳಿ. ಕಾರ್ಡ್ ಬಾಕಿ ಸಿವಿಲ್ ವಿಷಯ, ಕಟ್ಟಲಾಗದಿದ್ದಕ್ಕೆ ಯಾರೂ ಜೈಲಿಗೆ ಹಾಕುವುದಿಲ್ಲ. ಚೆಕ್ ಕೊಟ್ಟು ಬೌನ್ಸ್ ಆಗಿದ್ದರೆ ಅದು ಬೇರೆ, ನೀವು ಕೊಟ್ಟಿಲ್ಲ ಅಲ್ವಾ?

ನಿಮ್ಮ ಗೆಳೆಯ ಹೇಳುವುದು ಅರ್ಧ ಸರಿ. 1963ರ ಲಿಮಿಟೇಷನ್ ಕಾಯ್ದೆ ಪ್ರಕಾರ ಇಂಥ ಸಾಲಕ್ಕೆ ಕೋರ್ಟಿಗೆ ಹೋಗಲು ಮೂರು ವರ್ಷದ ಗಡುವು. ಗಡುವಿನ ಒಳಗೆ ಸಾಲ ಇದೆ ಅಂತ ಬರೆದು ಸಹಿ ಮಾಡಿದ್ದರೆ ಎಣಿಕೆ ಮತ್ತೆ ಮೊದಲಿನಿಂದ. ಗಡುವು ಮುಗಿದರೆ ಅವರ ದಾವೆ ಕೋರ್ಟಿನಲ್ಲಿ ಊರ್ಜಿತವಾಗುವುದಿಲ್ಲ, ಆದರೆ ಸಿಬಿಲ್‌ನಲ್ಲಿರುವ ಆ ಸಾಲು ಅದರಿಂದ ಅಳಿಯುವುದಿಲ್ಲ. ಮನೆ ಕಟ್ಟಬೇಕು ಅನ್ನುವವರಿಗೆ ಅದು ಉಪಯೋಗವಿಲ್ಲದ ದಾರಿ.

ಫೋನ್ ವಿಷಯ: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ನೆರೆಯವರ ಮುಂದೆ ಮಾನ ಕಳೆಯುವುದಂತೂ ತಪ್ಪೇ. ದಿನ, ಸಮಯ, ನಂಬರ್ ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಅನ್ನಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ಕೇಳುವ ಅಧಿಕಾರಿ) ಹೋಗಬಹುದು. ಒಂದು ಪೈಸೆ ಖರ್ಚಿಲ್ಲ, 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ. ಕಟ್ಟಿದ ಮೇಲೂ ರಿಪೋರ್ಟ್ ಬದಲಾಗದಿದ್ದರೆ ತಿದ್ದುಪಡಿಗೆ ದೂರು ಹಾಕಿ. ಅದು 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು.

ಮತ್ತೊಂದು. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕೂಡ ಇವೆ. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ತೆಗೆದು ನೋಡಿ, ಸಾಲ ಈಗ ಯಾರ ಹೆಸರಲ್ಲಿದೆ ಅಂತ.

ಬೆಟಗೇರಿ ಹುಡುಗ:
ನಾಲ್ಕೂ ತೆಗೆದೆ. ಸಾಲ ಇನ್ನೂ ಬ್ಯಾಂಕಿನ ಹೆಸರಲ್ಲೇ ಇದೆ, ಬೇರೆ ಕಂಪನಿಗೆ ಮಾರಿಲ್ಲ. ಚೆಕ್ ಯಾವತ್ತೂ ಕೊಟ್ಟಿಲ್ಲ ಸರ್. ಅಸಲು ಮೂರು ಕಂತು ಅಂತ ಇಮೇಲ್ ಕಳಿಸಿದೆ, ಫೋನಿನ ದೂರು ಬೇರೆ ಕಳಿಸಿದೆ. ವಸೂಲಿಯವನಿಗೆ ಪತ್ರ ಕೊಡಿ ಅಂದೆ, ಫೋನ್ ಇಟ್ಟುಬಿಟ್ಟ. ಅವ್ವ ಇವತ್ತು ಊಟ ಮಾಡಿದಳು.

ಸಪ್ತಾಪುರ ನಿವೃತ್ತ:
ಚಲೋ ಆಯಿತು. ಬ್ಯಾಂಕಿನ ಪತ್ರ ಬಂದರೆ ರೊಕ್ಕ ಹಾಕುವ ಮೊದಲು ಹೆಸರು, ನಂಬರ್ ಮುಚ್ಚಿ ಇಲ್ಲಿ ಹಾಕು ತಮ್ಮಾ, ಒಂದು ಸಲ ಓದಿ ಹೇಳುತ್ತೇನೆ.