ಸದ್ದಿಲ್ಲದ ಪೆಟ್ಟಿಗೆಯೂ ಶೆಟ್ಟರ ತಕರಾರುಗಳೂ

ಗಡಗಡ ಸದ್ದು ಮಾಡುವ ರೈಲಿನಲ್ಲಿ ಸಂಗೀತ ಕೇಳಲು ಪಿಟ್ಟೆನ್ನದ ಯಂತ್ರವೊಂದು ಬೇಕೆಂದು ರಾಯರು ಹಟ ಹಿಡಿದಿದ್ದಾರೆ ಎಂಬ ಸುದ್ದಿಯು ಮುಂಬಯಿಯ ಮಾಟುಂಗಾದ ನಮ್ಮ ಭಾನುವಾರದ ಕೂಟಕ್ಕೆ ಇಡ್ಲಿಗಿಂತ ಮೊದಲೇ ಬಂದು ತಲುಪಿತ್ತು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ತಮ್ಮ ಸಿ.ಡಿ.ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡಿರುವ ರಾಯರು, ಈಗ ಹಾಡುಗಳನ್ನು ಇಟ್ಟುಕೊಂಡು ಕೇಳುವವರ ಫೋನಿಗೆ ಕಳಿಸುವ ಅಂಗೈಯಗಲದ ಸರ್ವರ್ ಒಂದನ್ನು ಕಟ್ಟಿ ಊರಿಗೆ ಹೋಗುವಾಗ ಜೊತೆಗೆ ಒಯ್ಯುವ ಸನ್ನಾಹದಲ್ಲಿದ್ದಾರೆ.

“ಫೋನಿನಲ್ಲಿ ಲೋಕದ ಹಾಡುಗಳೆಲ್ಲ ಇರುವಾಗ ಇದೆಂಥ ಉಪದ್ವ್ಯಾಪ, ರಾಯರೇ?” ಎಂದು ಶೆಟ್ಟರು ಕೇಳಿದರು.

“ಕೊಂಕಣ ರೈಲ್ವೆಯಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ, ಶೆಟ್ಟರೇ. ರತ್ನಾಗಿರಿಯ ಬಳಿಯ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್. ಮಲ್ಲಿಕಾರ್ಜುನ ಮನ್ಸೂರರು ತಾರಷಡ್ಜಕ್ಕೆ ಏರುವ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಕೈಕೊಡುತ್ತದೆ. ಸುರಂಗ ದಾಟಿ ಬೆಳಕಿಗೆ ಬಂದರೆ ಅವರ ಜಾಗದಲ್ಲಿ ಟೂತ್‌ಪೇಸ್ಟಿನ ಜಾಹೀರಾತು ಕೂತಿರುತ್ತದೆ. ನನ್ನ ಪೆಟ್ಟಿಗೆಯಾದರೋ ತನ್ನದೇ ವೈಫೈ ಹರಡುತ್ತದೆ. ನಾನು ಮೇಲಿನ ಬರ್ತಿನಲ್ಲಿ ಮನ್ಸೂರರನ್ನು ಕೇಳುತ್ತಿರುವಾಗ ನನ್ನಾಕೆ ಕೆಳಗೆ ದಾಸರ ಪದ ಕೇಳಬಹುದು. ಹಾಡುಗಳನ್ನು ಫೋನಿನ ಮೆಮೊರಿ ಕಾರ್ಡಿಗೆ ತುಂಬಿದರೆ ಅದಕ್ಕೆ ಈ ದಾಂಪತ್ಯಧರ್ಮ ತಿಳಿಯದು.”

ಪೆಟ್ಟಿಗೆಯ ಒಳಗಿರುವುದು 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಹಾಡಿನ ಫೈಲನ್ನು ಎತ್ತಿ ಕೊಡುವುದಷ್ಟೇ ಕೆಲಸವಾದರೆ ಅದರ ಪ್ರೊಸೆಸರ್ ಹೆಚ್ಚುಕಡಿಮೆ ತೂಕಡಿಸುತ್ತಲೇ ಇರುತ್ತದೆ. ಚಿಪ್ಪಿಗೆ ಅಂಟಿ ಕೂರುವಂಥ ಅಲ್ಯೂಮಿನಿಯಂ ಕವಚ ತೊಡಿಸಿದರೆ ಕವಚವೇ ಶಾಖವನ್ನು ಹೊರಗೆ ಚೆಲ್ಲುವುದರಿಂದ ಫ್ಯಾನ್ ಬೇಕಾಗುವುದಿಲ್ಲ. ಹಳೆಯ ಹಾರ್ಡ್ ಡಿಸ್ಕಿನ ತಟ್ಟೆಯು ನಿಮಿಷಕ್ಕೆ 5,400 ಸುತ್ತು ಸುತ್ತಿ ಗುಂಯ್‌ಗುಡುತ್ತದೆಯಾದರೆ, ಫೈಲುಗಳನ್ನು ಚಿಪ್ಪುಗಳಲ್ಲೇ ಇಡುವ ಎಸ್‌ಎಸ್‌ಡಿಯಲ್ಲಿ ಸುತ್ತುವ ವಸ್ತುವೇ ಇಲ್ಲ. ಇಷ್ಟೆಲ್ಲ ಬಲ್ಲ ರಾಯರು, ಗೀರು ಬೀಳಬಾರದೆಂದು ಪೆಟ್ಟಿಗೆಯನ್ನು ಬೈರಾಸಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟಿದ್ದರಂತೆ. ಚಿಪ್ಪು 80 ಡಿಗ್ರಿ ಮುಟ್ಟಿದೊಡನೆ ತಾನಾಗಿ ವೇಗ ತಗ್ಗಿಸಿಕೊಂಡಿತೆಂದೂ, ಬೈರಾಸು ಮಾತ್ರ ಇಸ್ತ್ರಿ ಮಾಡಿದಂತೆ ಚೆನ್ನಾಗಿತ್ತೆಂದೂ ಅವರೇ ವರದಿ ಒಪ್ಪಿಸಿದರು.

“ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನಾನೂ ವಿಚಾರಿಸಿದೆ,” ಎಂದರು ಶೆಟ್ಟರು. “ಫ್ಯಾನ್ ಇರುವ ಕವಚಕ್ಕೆ ಕಡಿಮೆ ಬೆಲೆ, ಇಲ್ಲದ್ದಕ್ಕೆ ಹೆಚ್ಚು. ಇಲ್ಲದ ವಸ್ತುವಿಗೆ ಹಣ ತೆರುವ ವ್ಯಾಪಾರವನ್ನು ನಾನು ನಲವತ್ತು ವರ್ಷದ ಹೋಟೆಲ್ ಜೀವನದಲ್ಲಿ ಕಂಡಿಲ್ಲ.”

ಅಷ್ಟು ಹೊತ್ತು ಸುಮ್ಮನಿದ್ದ ಧಾರವಾಡದ ದೇಸಾಯರು ಆಗ ಬಾಯಿಬಿಟ್ಟರು. “ನೀವು ಕೇಳುವುದೆಲ್ಲ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳ ಕಾಲದ ಧ್ವನಿಮುದ್ರಿಕೆಗಳು. ಮೂರು ನಿಮಿಷದ ಹಾಡಿನ ಉದ್ದಕ್ಕೂ ಮುಳ್ಳಿನ ಸರಸರ ಇದ್ದೇ ಇದೆ. ಅಂದಮೇಲೆ, ಫ್ಯಾನಿನ ಸದ್ದನ್ನು ಓಡಿಸುತ್ತಿರುವುದು ಸರಸರವನ್ನು ಸ್ಪಷ್ಟವಾಗಿ ಕೇಳಲಿಕ್ಕೋ?”

“ನಿಸ್ಸಂಶಯವಾಗಿ. ಸರಸರದಲ್ಲಿಯೂ ಅಸಲಿ ನಕಲಿ ಇರುತ್ತದೆ,” ಎಂದು ರಾಯರು ಕಾಫಿ ಹೀರಿದರು. ಈ ಉತ್ತರಕ್ಕೆ ಎದುರುತ್ತರ ಹುಟ್ಟುವುದು ಕಷ್ಟ.

ಮಾತು ಜಾಗದ ಲೆಕ್ಕಕ್ಕೆ ಹೊರಳಿತು. ಸಿ.ಡಿ.ಯ ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಎಂ.ಬಿ. ಬೇಕು, ಧ್ವನಿಯ ಫೈಲನ್ನು ಹಿಂಡಿ ಚಿಕ್ಕದಾಗಿಸುವ ಫ್ಲ್ಯಾಕ್ ಎಂಬ ರೂಪಕ್ಕೆ ತಂದರೆ ಒಂದಿಷ್ಟೂ ನಷ್ಟವಿಲ್ಲದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದು ಟಿ.ಬಿ.ಯ ಎಸ್‌ಎಸ್‌ಡಿ ತುಂಬಿದರೆ ನಿದ್ದೆ ಬಿಟ್ಟು ಕೇಳಿದರೂ ನೂರು ದಿನಕ್ಕೆ ಮುಗಿಯದು. ಒಂದು ರಾತ್ರಿಯ ಮಂಗಳೂರಿನ ಪ್ರಯಾಣಕ್ಕೆ ನೂರು ದಿನದ ಬುತ್ತಿ ಏಕೆಂದು ಶೆಟ್ಟರು ಕೇಳಿದ್ದು ನನಗೆ ನ್ಯಾಯವೆನಿಸಿತಾದರೂ, ಕಾಫಿಯ ಬಿಲ್ಲು ಆ ದಿನ ರಾಯರದಾಗಿದ್ದುದರಿಂದ ನಾನು ತಟಸ್ಥನಾದೆ.

ಫ್ಲ್ಯಾಕ್ ಬೇಕೆನ್ನಲು ರಾಯರಲ್ಲಿ ಇನ್ನೊಂದು ಕಾರಣವಿತ್ತು, ಮತ್ತು ಅದರಲ್ಲಿ ಹುರುಳೂ ಇತ್ತು. ಒಂದೇ ರಾಗದ ನಿಧಾನಗತಿಯ ವಿಲಂಬಿತವನ್ನೂ ವೇಗದ ದ್ರುತವನ್ನೂ ಸಿ.ಡಿ.ಯಲ್ಲಿ ಎರಡು ಟ್ರ್ಯಾಕ್‌ಗಳಾಗಿ ಕತ್ತರಿಸಿರುತ್ತಾರೆ. ಎಂಪಿ3 ಮಾಡುವಾಗ ಪ್ರತಿಯೊಂದು ಫೈಲಿನ ತುದಿಗೆ ಚೂರು ಮೌನ ಸೇರಿಕೊಳ್ಳುವುದರಿಂದ, ಭೀಮಸೇನ ಜೋಶಿಯವರು ದ್ರುತ ಎತ್ತಿಕೊಳ್ಳುವ ಸಂಧಿಯಲ್ಲಿ ತಂಬೂರಿಯು ಒಂದು ಗಳಿಗೆ ಸತ್ತು ಮತ್ತೆ ಹುಟ್ಟುತ್ತದೆ. ಫ್ಲ್ಯಾಕ್‌ನಲ್ಲಿ ಆ ಹೊಲಿಗೆ ಕಾಣುವುದಿಲ್ಲ. ಪ್ಲೇಯರಿನಲ್ಲಿ ‘ಗ್ಯಾಪ್‌ಲೆಸ್’ ಎಂಬುದನ್ನು ಒತ್ತಿಟ್ಟಿರಬೇಕು, ಅಷ್ಟೆ.

ವಿದ್ಯುತ್ತಿಗೆ 20,000 ಎಂಎಎಚ್ ಪವರ್ ಬ್ಯಾಂಕ್ ಸಾಕು. ಅದು 74 ವ್ಯಾಟ್ ಅವರ್, ಅಂದರೆ ಮಿತಿಯೊಳಗೇ ಇರುವುದರಿಂದ ವಿಮಾನದಲ್ಲಿಯೂ ಕೈಚೀಲದಲ್ಲಿ ಒಯ್ಯಬಹುದು. ಪೆಟ್ಟಿಗೆ ಸುಮಾರು ಐದು ವ್ಯಾಟ್ ತಿಂದರೆ ಹತ್ತು ಗಂಟೆಗೆ ಮೋಸವಿಲ್ಲ. ನಡುವೆ ವೈರನ್ನು ಕಿತ್ತರೆ ಮಾತ್ರ ಪೆಟ್ಟಿಗೆಯ ಮೆಮೊರಿ ಕಾರ್ಡಿನಲ್ಲಿದ್ದು ಅದನ್ನು ನಡೆಸುವ ತಂತ್ರಾಂಶವೇ ಕೆಡಬಹುದು.

“ನನ್ನ ಬಳಿ ಹಳೆಯ ತಾಳಮದ್ದಳೆಯ ಕ್ಯಾಸೆಟ್‌ಗಳಿವೆ,” ಎಂದು ಶೆಟ್ಟರು ಇದ್ದಕ್ಕಿದ್ದಂತೆ ದನಿ ತಗ್ಗಿಸಿದರು. “ಮಗ ಅವನ್ನೆಲ್ಲ ಫೈಲ್ ಮಾಡಿ ಒಂದರಿಂದ ಹನ್ನೆರಡರವರೆಗೆ ಅಂಕಿ ಹಾಕಿಕೊಟ್ಟ. ಕೇಳಲು ಕೂತರೆ ಕೃಷ್ಣನು ಸಂಧಾನಕ್ಕೆ ಹೊರಟ ಮರುಕ್ಷಣವೇ ಸಭೆ ಮುಗಿದು ಎಲ್ಲರೂ ಯುದ್ಧದ ಮಾತಾಡುತ್ತಿದ್ದಾರೆ.”

ರಾಯರಿಗೆ ರೋಗ ಕೂಡಲೇ ತಿಳಿಯಿತು. “ಯಂತ್ರವು ಅಕ್ಷರದಂತೆ ಜೋಡಿಸಿದರೆ ಒಂದರ ಬೆನ್ನಿಗೆ ಹತ್ತು ಬರುತ್ತದೆ, ಆಮೇಲೆ ಹನ್ನೊಂದು, ಹನ್ನೆರಡು, ಎರಡರ ಸರದಿ ಆನಂತರ. 01, 02 ಎಂದು ಬರೆಸಿ.”

“ಅಂದರೆ ಒಂದು ಸೊನ್ನೆಯ ಕೊರತೆಯಿಂದ ಕುರುಕ್ಷೇತ್ರವಾಯಿತೇ?” ಎಂದ ಶೆಟ್ಟರು, ಫ್ಯಾನಿಲ್ಲದ ಕವಚ ಎರಡು ಕೊಂಡರೆ ಎಷ್ಟು ಬಿಡುತ್ತಾರೆಂದು ಕೇಳಲು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗೆ ಅಲ್ಲಿಂದಲೇ ಫೋನ್ ಹಚ್ಚಿದರು.