ಬೂಸ್ಟರ್ ಸೀಟ್: ಬೆಲ್ಟ್ ಕುತ್ತಿಗೆಗೆ ಉಜ್ಜುತ್ತಿದೆ

ಪ್ರಶ್ನೆ: ಮಗಳಿಗೆ ಆರು ವರ್ಷ, 116 ಸೆಂ.ಮೀ., 20 ಕೆಜಿ. ಕಾರಿನಲ್ಲಿ ಬೆನ್ನಿಲ್ಲದ ಬೂಸ್ಟರ್ (ಬೆಲ್ಟ್ ಸರಿಯಾಗಿ ಕೂರಲಿ ಅಂತ ಮಗುವನ್ನು ಎತ್ತರಿಸೋ ಸೀಟು) ಮೇಲೆ ಕೂರಿಸಿದ್ರೆ ಬೆಲ್ಟ್ ಕುತ್ತಿಗೆಗೆ ಉಜ್ಜುತ್ತೆ. ಹಿಂದಿನ ಸೀಟಿನ ನಡುವೆ ಸೊಂಟದ ಬೆಲ್ಟ್ ಮಾತ್ರ ಇದೆ, ಅಲ್ಲಿ ಕೂರಿಸಬಹುದಾ?

ಉತ್ತರ 1: ನಡುವೆ ಬೇಡವೇ ಬೇಡ. ಬೂಸ್ಟರ್‌ಗೆ ಭುಜ, ಸೊಂಟ ಎರಡನ್ನೂ ಹಿಡಿಯೋ ಮೂರು ಪಾಯಿಂಟ್ ಬೆಲ್ಟೇ ಬೇಕು. ಬರೀ ಸೊಂಟದ ಬೆಲ್ಟಾದ್ರೆ ಡಿಕ್ಕಿಯಾದಾಗ ಮೈ ಮುಂದಕ್ಕೆ ಮಡಚಿ ಹೊಟ್ಟೆಗೆ, ಬೆನ್ನುಮೂಳೆಗೆ ಪೆಟ್ಟು ಬೀಳುತ್ತೆ. ಈ ಎತ್ತರಕ್ಕೆ ಬೆನ್ನಿರೋ ಬೂಸ್ಟರ್ ತಗೊಳ್ಳಿ. ಅದರ ತಲೆಯ ಭಾಗವನ್ನು ಎತ್ತರಕ್ಕೆ ಹೊಂದಿಸಿ, ಪಕ್ಕದಲ್ಲಿ ಬೆಲ್ಟ್ ಹಾಯಿಸೋಕೆ ಇರೋ ಗೈಡ್‌ನಲ್ಲಿ ಬೆಲ್ಟ್ ತೂರಿಸಿ. ಬೆಲ್ಟ್ ಭುಜದ ಮಧ್ಯೆ ಹಾಯಬೇಕು. ಕೆಳಪಟ್ಟಿ ತೊಡೆಯ ಬುಡದಲ್ಲಿರಬೇಕು, ಹೊಟ್ಟೆ ಮೇಲಲ್ಲ.

ಉತ್ತರ 2: ಕಾರಿನ ಹೆಡ್‌ರೆಸ್ಟ್ ಬೂಸ್ಟರನ್ನು ಮುಂದಕ್ಕೆ ತಳ್ತಿದ್ರೆ ಮೇಲೆತ್ತಿ. ಬಕಲ್ ಬೂಸ್ಟರ್ ಅಡಿ ಸಿಕ್ಕಿಕೊಂಡಿಲ್ಲ ತಾನೇ, ನೋಡಿ.

ಉತ್ತರ 3: ಖಾಲಿ ಬೂಸ್ಟರ್‌ಗೂ ಬೆಲ್ಟ್ ಹಾಕಿಡಿ, ಇಲ್ಲದಿದ್ರೆ ಜೋರು ಬ್ರೇಕಿಗೆ ಹಾರುತ್ತೆ. ಉಜ್ಜುತ್ತೆ ಅಂತ ಬೆಲ್ಟನ್ನು ಕಂಕುಳಡಿ ತೂರಿಸಲೇಬೇಡಿ.